ವಿವಾಹ ವಿಚ್ಛೇದನದ ವೆಚ್ಚ ಮತ್ತು ಗ್ರಾಮ ಪಂಚಾಯಿತಿ ಸದಸ್ಯರ ಹೊಣೆ

(ಗ್ರಾಮ ಪಂಚಾಯಿತಿ ಚುನಾಯಿತ ಪ್ರತಿನಿಧಿಗಳ ಕಾನೂನು ಅರಿವು ಕಾರ್ಯಾಗಾರದಲ್ಲಿ ಮಂಡಿಸಿದ ಉಪನ್ಯಾಸದ ಪಠ್ಯ)



ಮದುವೆಗೆ ಎಷ್ಟು ಖರ್ಚಾಯಿತೆಂಬುದು ಊರಿಗೆಲ್ಲ ತಿಳಿದಿರುತ್ತದೆ. ಅದೇ ಮದುವೆ ಮುರಿದಾಗ ಎಷ್ಟು ಖರ್ಚಾಯಿತೆಂಬುದು ಆ ಎರಡು ಮನೆಗಳ ಹೊರಗೆ ಯಾರಿಗೂ ತಿಳಿಯುವುದಿಲ್ಲ. ಸಾಲ ಮಾಡಿ ಮದುವೆ ನಡೆಸಿದ ತಂದೆ, ಆ ಸಾಲ ತೀರುವ ಮೊದಲೇ ಮಗಳ ಮೊಕದ್ದಮೆಗಾಗಿ ಮತ್ತೊಂದು ಸಾಲ ಮಾಡುವ ಸ್ಥಿತಿ ಗ್ರಾಮೀಣ ಪ್ರದೇಶದಲ್ಲಿ ಅಪರೂಪವಲ್ಲ. ಇಂತಹ ಕುಟುಂಬ ಮೊದಲು ಬರುವುದು ವಕೀಲರ ಕಚೇರಿಗಲ್ಲ, ಪಂಚಾಯಿತಿ ಸದಸ್ಯರ ಮನೆಯ ಜಗಲಿಗೆ. ಅಲ್ಲಿ ದೊರೆಯುವ ಮೊದಲ ಸಲಹೆಯೇ ಮುಂದಿನ ವೆಚ್ಚವನ್ನು ಬಹುಮಟ್ಟಿಗೆ ನಿರ್ಧರಿಸುತ್ತದೆ.

ಆ ಜಗಲಿಯ ಮೇಲೆ ಸಾಮಾನ್ಯವಾಗಿ ಕೇಳಿಬರುವ ಸಲಹೆ ಒಂದಿದೆ: ಕೋರ್ಟು ಕಚೇರಿ ಬೇಡ, ಹಿರಿಯರ ಸಮ್ಮುಖದಲ್ಲಿ ಛಾಪಾ ಕಾಗದದ ಮೇಲೆ ಬರೆದು ಸಹಿ ಹಾಕಿದರೆ ಮುಗಿಯಿತು ಎಂಬುದು. ಕೆಲವೆಡೆ ಇದನ್ನು ಬಿಡುಗಡೆ ಪತ್ರವೆನ್ನುತ್ತಾರೆ, ಉತ್ತರ ಕರ್ನಾಟಕದ ಕೆಲವೆಡೆ ಸೋಡಚೀಟಿ ಎನ್ನುತ್ತಾರೆ. ಮೇಲ್ನೋಟಕ್ಕೆ ಇದಕ್ಕಿಂತ ಅಗ್ಗದ ದಾರಿ ಇಲ್ಲ. ಆದರೆ ಹಿಂದೂ ವಿವಾಹ ಕಾಯ್ದೆ, 1955ರ ಅಡಿಯಲ್ಲಿ ಮದುವೆಯನ್ನು ರದ್ದುಪಡಿಸುವುದು ನ್ಯಾಯಾಲಯದ ಡಿಕ್ರಿಯೇ ಹೊರತು ನೋಟರಿಯ ಮೊಹರಲ್ಲ. ಸಮುದಾಯದ ರೂಢಿಗತ ವಿಚ್ಛೇದನಕ್ಕೆ ಕಾಯ್ದೆಯ 29ನೇ ಕಲಂ ಮಾನ್ಯತೆ ನೀಡಿದೆ, ನಿಜ. ಆದರೆ ಅಂತಹ ರೂಢಿ ಆ ಸಮುದಾಯದಲ್ಲಿ ಬಹುಕಾಲದಿಂದ ನಡೆದುಬಂದಿದೆ ಎಂಬುದನ್ನು ಹೇಳಿಕೊಂಡವರೇ ಸಾಕ್ಷ್ಯಸಹಿತ ರುಜುವಾತುಪಡಿಸಬೇಕು; ಅದು ಸುಲಭದ ಕೆಲಸವಲ್ಲ. ಕರ್ನಾಟಕ ಗ್ರಾಮ ಸ್ವರಾಜ್ ಮತ್ತು ಪಂಚಾಯತ್ ರಾಜ್ ಅಧಿನಿಯಮ, 1993ರಲ್ಲಿಯೂ ವಿಚ್ಛೇದನ ನೀಡುವ ಅಧಿಕಾರ ಗ್ರಾಮ ಪಂಚಾಯಿತಿಗಾಗಲಿ ಅದರ ಸದಸ್ಯರಿಗಾಗಲಿ ಇಲ್ಲ.

ಕಾಗದ ಬರೆದ ದಿನ ಉಳಿದ ಹಣದ ಲೆಕ್ಕ ಹತ್ತಿಪ್ಪತ್ತು ವರ್ಷಗಳ ನಂತರ ಬರುತ್ತದೆ. ಕಾಗದವನ್ನು ನಂಬಿ ಗಂಡ ಮರುಮದುವೆಯಾಗುತ್ತಾನೆ. ಮೊದಲ ಮದುವೆ ಕಾನೂನಿನ ಕಣ್ಣಿನಲ್ಲಿ ಉಳಿದೇ ಇರುವುದರಿಂದ ಎರಡನೆಯದು ಅಸಿಂಧು, ಜೊತೆಗೆ ದ್ವಿಪತ್ನಿತ್ವದ ಅಪರಾಧವೂ ಹೌದು. ಆತ ತೀರಿಕೊಂಡು ಪೌತಿ ಖಾತೆಯ ಅರ್ಜಿ ಬಂದಾಗ ಇಬ್ಬರು ಹೆಂಡಿರು ಎದುರುಬದುರಾಗಿ ನಿಲ್ಲುತ್ತಾರೆ. ಎರಡನೆಯಾಕೆ ವಾರಸುದಾರಳಲ್ಲವೆಂಬುದು ಆಗ ತಿಳಿಯುತ್ತದೆ. ಆಕೆಯ ಮಕ್ಕಳಿಗೆ ತಂದೆಯ ಪಾಲಿನಲ್ಲಿ ಹಕ್ಕುಂಟೆಂದು ಸುಪ್ರೀಂ ಕೋರ್ಟ್ 2023ರಲ್ಲಿ ರೇವಣಸಿದ್ದಪ್ಪ ಪ್ರಕರಣದಲ್ಲಿ ಸ್ಪಷ್ಟಪಡಿಸಿದೆ. ಆದರೆ ಆ ಪಾಲನ್ನು ಪಡೆಯಲು ಅವರು ದಾವೆ ಹೂಡಿ ವರ್ಷಗಟ್ಟಲೆ ಅಲೆಯಬೇಕಾಗಬಹುದು. ಛಾಪಾ ಕಾಗದಕ್ಕೆ ಸಾಕ್ಷಿಯಾಗಿ ಸಹಿ ಹಾಕುವ ಸದಸ್ಯರು ಈ ದಾವೆಗಳಿಗೂ ಸಾಕ್ಷಿಗಳಾಗಿ ಕಟಕಟೆ ಹತ್ತಬೇಕಾದೀತು.

ನ್ಯಾಯಾಲಯಕ್ಕೆ ಹೋದರೆ ಹಣ ನಿಜವಾಗಿ ಎಲ್ಲಿ ಖರ್ಚಾಗುತ್ತದೆ ಎಂಬುದನ್ನು ಇನ್ನು ನೋಡಬಹುದು. ವಿಚ್ಛೇದನ ಅರ್ಜಿಯ ನ್ಯಾಯಾಲಯ ಶುಲ್ಕ ದೊಡ್ಡ ಮೊತ್ತವಲ್ಲ. ಹಣ ಕರಗುವುದು ವಾಯಿದೆಗಳಲ್ಲಿ. ದಿನಕ್ಕೆ 400 ರೂಪಾಯಿ ದುಡಿಯುವ ಹೆಣ್ಣುಮಗಳು, ಅಷ್ಟೇ ದುಡಿಯುವ ಅಣ್ಣನನ್ನು ಕರೆದುಕೊಂಡು ಜಿಲ್ಲಾ ಕೇಂದ್ರಕ್ಕೆ ಹೋಗುತ್ತಾಳೆ ಎಂದಿಟ್ಟುಕೊಂಡರೆ, ಇಬ್ಬರ ಕೂಲಿ 800 ರೂಪಾಯಿ ಹೋಯಿತು. ಶಕ್ತಿ ಯೋಜನೆಯಿಂದ ಆಕೆಯ ಬಸ್ ಪ್ರಯಾಣ ಉಚಿತವಾದರೂ ಅಣ್ಣನ ಟಿಕೆಟ್ಟು ಮತ್ತು ಇಬ್ಬರ ಊಟ, ಚಹಾ ಸೇರಿ 200 ರೂಪಾಯಿ. ತಿಂಗಳಿಗೊಂದು ವಾಯಿದೆಯಂತೆ ಮೂರು ವರ್ಷ ನಡೆದರೆ, ವಕೀಲರ ಶುಲ್ಕ ಬಿಟ್ಟು, 36,000 ರೂಪಾಯಿ. ಆದ್ದರಿಂದ ವೆಚ್ಚ ತಗ್ಗಿಸುವುದೆಂದರೆ ಮುಖ್ಯವಾಗಿ ವಾಯಿದೆಗಳನ್ನು ಮತ್ತು ಪ್ರಕರಣಗಳನ್ನು ತಗ್ಗಿಸುವುದು.

ಇದಕ್ಕೆ ಇರುವ ಅತಿ ದೊಡ್ಡ ಸಾಧನ ಪರಸ್ಪರ ಸಮ್ಮತಿಯ ವಿಚ್ಛೇದನ. ಹಿಂದೂ ವಿವಾಹ ಕಾಯ್ದೆಯ 13-ಬಿ ಕಲಮಿನಂತೆ, ಒಂದು ವರ್ಷ ಅಥವಾ ಹೆಚ್ಚು ಕಾಲ ಬೇರೆಯಾಗಿ ಬಾಳಿರುವ ದಂಪತಿ ಒಟ್ಟಾಗಿ ಅರ್ಜಿ ಸಲ್ಲಿಸಬಹುದು. ಅರ್ಜಿಯಾದ ಮೇಲೆ ಆರು ತಿಂಗಳು ಕಾಯಬೇಕೆಂಬ ನಿಯಮವಿದೆ; ರಾಜಿಯ ಸಾಧ್ಯತೆ ಉಳಿದಿಲ್ಲದಂತಹ ಸೂಕ್ತ ಪ್ರಕರಣಗಳಲ್ಲಿ ನ್ಯಾಯಾಲಯ ಅದನ್ನು ಸಡಿಲಿಸಬಹುದೆಂದು ಸುಪ್ರೀಂ ಕೋರ್ಟ್ 2017ರಲ್ಲಿ ಅಮರದೀಪ್ ಸಿಂಗ್ ಪ್ರಕರಣದಲ್ಲಿ ಹೇಳಿದೆ. ಸಾಕ್ಷಿ, ಪಾಟೀಸವಾಲುಗಳ ಜಂಜಾಟ ಇಲ್ಲಿ ಇಲ್ಲ. ಹಿರಿಯರ ಪಂಚಾಯಿತಿಗೆ ನಿಜವಾದ ಉಪಯೋಗವಿರುವುದು ಇಲ್ಲಿಯೇ: ಮದುವೆಯನ್ನು ತಾವೇ ಮುರಿಯುವುದರಲ್ಲಲ್ಲ, ಎರಡು ಮನೆಯವರನ್ನು ಕೂರಿಸಿ ಷರತ್ತುಗಳನ್ನು ಇತ್ಯರ್ಥಪಡಿಸಿ ನ್ಯಾಯಾಲಯದ ಬಾಗಿಲಿಗೆ ಕಳುಹಿಸುವುದರಲ್ಲಿ.

ಈ ಷರತ್ತುಗಳಲ್ಲಿ ಅವಸರ ಕೂಡದು. ಜೀವನಾಂಶ ಎಷ್ಟು, ಒಂದೇ ಗಂಟೋ ತಿಂಗಳ ಕಂತೋ, ಒಡವೆ ಪಾತ್ರೆಗಳು ಯಾರಿಗೆ, ಮಕ್ಕಳು ಯಾರ ಬಳಿ, ಇನ್ನೊಬ್ಬರು ಅವರನ್ನು ಎಂದು ನೋಡಬಹುದು, ಪರಸ್ಪರ ಹೂಡಿರುವ ಇತರ ಪ್ರಕರಣಗಳ ಗತಿಯೇನು ಎಂಬ ಎಲ್ಲವೂ ಬರವಣಿಗೆಯಲ್ಲಿ ಇರಬೇಕು. ಖರ್ಚು ಉಳಿಯಲೆಂದು ಹೆಣ್ಣಿನ ಕಡೆಯವರು ಜೀವನಾಂಶವನ್ನೇ ಬಿಟ್ಟುಕೊಡುವುದು ಉಳಿತಾಯವಲ್ಲ, ನಷ್ಟ. ಮಗುವಿನ ಪೋಷಣೆಯ ಹಕ್ಕು ಮಗುವಿನದು. ತಾಯಿ ಅದನ್ನು ಬಿಟ್ಟುಕೊಟ್ಟಂತೆ ಬರೆಸುವುದು ಸಲ್ಲದು. ಡಿಕ್ರಿಯಾಗುವವರೆಗೆ ಯಾರು ಬೇಕಾದರೂ ಸಮ್ಮತಿಯನ್ನು ಹಿಂತೆಗೆದುಕೊಳ್ಳಬಹುದಾದ್ದರಿಂದ, ಹಣದ ಒಂದು ಭಾಗವನ್ನು ಅರ್ಜಿಯ ಸಮಯದಲ್ಲಿ, ಉಳಿದುದನ್ನು ಅಂತಿಮ ಹೇಳಿಕೆಯ ದಿನ ನ್ಯಾಯಾಲಯದಲ್ಲಿಯೇ ಡಿ.ಡಿ. ಮೂಲಕ ನೀಡುವುದು ಎರಡೂ ಕಡೆಗೆ ಕ್ಷೇಮ.

ಒಪ್ಪಂದ ಸಾಧ್ಯವಾಗದಿದ್ದಲ್ಲಿ ಮೊಕದ್ದಮೆ ಅನಿವಾರ್ಯ. ಆಗ ಕಾನೂನು ಸೇವೆಗಳ ಪ್ರಾಧಿಕಾರ ಕಾಯ್ದೆ, 1987 ನೆನಪಿಗೆ ಬರಬೇಕು. ಇದರ 12ನೇ ಕಲಮಿನ ಪ್ರಕಾರ ಮಹಿಳೆಯರು, ಪರಿಶಿಷ್ಟ ಜಾತಿ ಮತ್ತು ಪರಿಶಿಷ್ಟ ಪಂಗಡದವರು, ಅಂಗವಿಕಲರು ಮುಂತಾದವರಿಗೆ ಆದಾಯದ ಮಿತಿಯಿಲ್ಲದೆ ಉಚಿತ ವಕೀಲರ ನೆರವು ದೊರೆಯುತ್ತದೆ. ಇತರ ಪುರುಷರಿಗೂ ಸರ್ಕಾರ ನಿಗದಿಪಡಿಸಿದ ಆದಾಯ ಮಿತಿಯೊಳಗೆ ಈ ಹಕ್ಕುಂಟು. ಈ ಸಂಗತಿ ಹಲವರಿಗೆ ಗೊತ್ತೇ ಇಲ್ಲ. ತಾಲ್ಲೂಕು ನ್ಯಾಯಾಲಯದ ಆವರಣದಲ್ಲಿರುವ ಕಾನೂನು ಸೇವೆಗಳ ಸಮಿತಿಗೆ ಒಂದು ಅರ್ಜಿ, ಅಥವಾ 15100 ಸಂಖ್ಯೆಗೆ ಒಂದು ಕರೆ ಸಾಕು. ಹೀಗೆ ನೇಮಕವಾದ ವಕೀಲರು ಕಕ್ಷಿದಾರರಿಂದ ಹಣ ಪಡೆಯುವಂತಿಲ್ಲ. ಕೇಳಿದರೆ ಸಮಿತಿಗೆ ದೂರು ನೀಡಬಹುದು. ಖಾಸಗಿ ವಕೀಲರನ್ನು ಇಟ್ಟುಕೊಳ್ಳುವವರು ಶುಲ್ಕವೆಷ್ಟು, ಯಾವ ಹಂತಕ್ಕೆ ಎಷ್ಟು ಎಂಬುದನ್ನು ವಕಾಲತ್ತಿಗೆ ಸಹಿ ಮಾಡುವ ಮೊದಲೇ ಮಾತನಾಡಿ, ಕೊಟ್ಟ ಹಣಕ್ಕೆ ರಸೀದಿ ಪಡೆಯಬೇಕು. ಸಂಕೋಚದಿಂದ ಕೇಳದೆ ಉಳಿದ ಈ ಪ್ರಶ್ನೆಯೇ ಮುಂದೆ ಜಗಳಕ್ಕೆ ಕಾರಣವಾಗುತ್ತದೆ.

ಯಾವ ಊರಿನ ನ್ಯಾಯಾಲಯ ಎಂಬುದೂ ಹಣದ ಪ್ರಶ್ನೆ. ಅರ್ಜಿದಾರಳು ಪತ್ನಿಯಾಗಿದ್ದರೆ ತಾನು ಈಗ ವಾಸವಾಗಿರುವ ಸ್ಥಳದ ನ್ಯಾಯಾಲಯದಲ್ಲಿಯೇ ಅರ್ಜಿ ಹಾಕಬಹುದೆಂದು 2003ರ ತಿದ್ದುಪಡಿ ಅವಕಾಶ ಕಲ್ಪಿಸಿದೆ. ಗಂಡನ ಊರಿಗೆ ಅಲೆಯಬೇಕಿಲ್ಲ. ಸ್ವಂತ ಆದಾಯ ಸಾಲದವರು, ಗಂಡನಾಗಲಿ ಹೆಂಡತಿಯಾಗಲಿ, 24ನೇ ಕಲಮಿನಂತೆ ಮಧ್ಯಂತರ ಜೀವನಾಂಶವನ್ನೂ ಮೊಕದ್ದಮೆಯ ಖರ್ಚನ್ನೂ ಎದುರು ಪಕ್ಷದಿಂದ ಕೇಳಬಹುದು. ಇಬ್ಬರೂ ಆಸ್ತಿ, ಆದಾಯಗಳ ಪ್ರಮಾಣ ಪತ್ರ ಸಲ್ಲಿಸಬೇಕೆಂದು ಸುಪ್ರೀಂ ಕೋರ್ಟ್ 2020ರ ರಜನೀಶ್ ವಿರುದ್ಧ ನೇಹಾ ತೀರ್ಪಿನಲ್ಲಿ ವಿಧಿಸಿದೆ. ಪಹಣಿ, ಸಂಬಳದ ಚೀಟಿ, ಬ್ಯಾಂಕ್ ಪಾಸ್‌ಬುಕ್ ಪ್ರತಿಗಳನ್ನು ಮೊದಲೇ ಜೋಡಿಸಿಟ್ಟುಕೊಂಡವರಿಗೆ ಮೂರು ನಾಲ್ಕು ವಾಯಿದೆ ಉಳಿದಂತೆಯೇ. ಅದೇ ತೀರ್ಪಿನ ಪ್ರಕಾರ, ಒಂದು ಪ್ರಕರಣದಲ್ಲಿ ಆದೇಶವಾದ ಜೀವನಾಂಶವನ್ನು ಇನ್ನೊಂದರಲ್ಲಿ ಲೆಕ್ಕಕ್ಕೆ ತೆಗೆದುಕೊಳ್ಳಲಾಗುತ್ತದೆ. ಆದ್ದರಿಂದ ಸೇಡಿಗಾಗಿ ನಾಲ್ಕು ಕಡೆ ನಾಲ್ಕು ಅರ್ಜಿ ಹಾಕಿದರೆ ಹಣ ನಾಲ್ಕು ಪಟ್ಟಾಗುವುದಿಲ್ಲ, ಅಲೆದಾಟ ಮಾತ್ರ ನಾಲ್ಕು ಪಟ್ಟಾಗುತ್ತದೆ.

ಲೋಕ ಅದಾಲತ್‌ನಲ್ಲಿ ವಿಚ್ಛೇದನವನ್ನೇ ನೀಡುವರೆಂಬ ತಪ್ಪು ತಿಳಿವಳಿಕೆ ಇದೆ. ವಿಚ್ಛೇದನ ಬಿಟ್ಟು ಜೀವನಾಂಶದಂತಹ ಇತರ ಕೌಟುಂಬಿಕ ವ್ಯಾಜ್ಯಗಳು ಅಲ್ಲಿ ರಾಜಿಯಾಗುತ್ತವೆ. ಶುಲ್ಕವಿಲ್ಲ, ಮೇಲ್ಮನವಿಯೂ ಇಲ್ಲ.

ರಾಜಿ, ಹೊಂದಾಣಿಕೆಗಳ ಈ ಮಾತೆಲ್ಲವೂ ಹೊಡೆತ, ಬೆದರಿಕೆ ಇಲ್ಲದ ಮನೆಗಳಿಗೆ ಅನ್ವಯ. ಹಿಂಸೆ ಇರುವಲ್ಲಿ, ಖರ್ಚು ಉಳಿಯುತ್ತದೆಂದು ಹೆಣ್ಣುಮಗಳನ್ನು ಮರಳಿ ಆ ಮನೆಗೆ ಕಳುಹಿಸುವ ಸದಸ್ಯರು ಆಕೆಯ ಪ್ರಾಣವನ್ನೇ ಅಪಾಯಕ್ಕೆ ಒಡ್ಡುತ್ತಾರೆ. ಕೌಟುಂಬಿಕ ಹಿಂಸೆಯಿಂದ ಮಹಿಳೆಯರ ಸಂರಕ್ಷಣಾ ಕಾಯ್ದೆ, 2005ರ ಅಡಿಯಲ್ಲಿ ಸಂರಕ್ಷಣಾಧಿಕಾರಿಯ ಬಳಿ ದೂರು ದಾಖಲಿಸಲು ಶುಲ್ಕವಿಲ್ಲ; ಆದೇಶದ ಪ್ರತಿಯೂ ಉಚಿತ. ವಾಸದ ಹಕ್ಕು, ರಕ್ಷಣೆ, ಹಣಕಾಸಿನ ನೆರವು ಮೂರನ್ನೂ ಒಂದೇ ಅರ್ಜಿಯಲ್ಲಿ ಕೇಳಬಹುದು. ಸಾಂತ್ವನ ಕೇಂದ್ರ, ಸಖಿ ಕೇಂದ್ರ ಹಾಗೂ 181 ಸಹಾಯವಾಣಿಗಳ ವಿವರ ಪ್ರತಿ ಪಂಚಾಯಿತಿ ಕಚೇರಿಯ ಗೋಡೆಯ ಮೇಲೆ ಎದ್ದು ಕಾಣುವಂತೆ ಇರಬೇಕು.

ಇನ್ನೆರಡು ಸಣ್ಣ ಸಂಗತಿಗಳು. ಪ್ರಕರಣದ ಸಿ.ಎನ್.ಆರ್. ಸಂಖ್ಯೆಯಿದ್ದರೆ ಮುಂದಿನ ವಾಯಿದೆಯ ದಿನಾಂಕವನ್ನು ಇ-ಕೋರ್ಟ್ಸ್ ಆ್ಯಪ್‌ನಲ್ಲಿ ಉಚಿತವಾಗಿ ನೋಡಬಹುದು. ಪಂಚಾಯಿತಿಯ ಡಾಟಾ ಎಂಟ್ರಿ ಆಪರೇಟರ್ ಒಂದು ಬಾರಿ ತೋರಿಸಿಕೊಟ್ಟರೆ ದಿನಾಂಕ ಕೇಳಲೆಂದೇ ಪಟ್ಟಣಕ್ಕೆ ಹೋಗುವುದು ತಪ್ಪುತ್ತದೆ. ಡಿಕ್ರಿಯಾದ ಕೂಡಲೇ ದೃಢೀಕೃತ ಪ್ರತಿಗೆ ಅರ್ಜಿ ಹಾಕಿ ಕನಿಷ್ಠ ಎರಡು ಪ್ರತಿ ಪಡೆದಿಟ್ಟುಕೊಳ್ಳಬೇಕು. ಪಡಿತರ ಚೀಟಿ ಬೇರೆ ಮಾಡಿಸಲು, ಬ್ಯಾಂಕ್ ಮತ್ತು ವಿಮೆಯ ನಾಮನಿರ್ದೇಶನ ಬದಲಿಸಲು, ಮರುಮದುವೆಯ ನೋಂದಣಿಗೆ ಅದನ್ನು ಕೇಳುವ ಸಂದರ್ಭ ಬರುತ್ತದೆ. ಮರುಮದುವೆಗೆ ಮೊದಲು ಮೇಲ್ಮನವಿಯ ಅವಧಿ ಮುಗಿದಿದೆಯೇ ಎಂಬುದನ್ನು ವಕೀಲರಲ್ಲಿ ಕೇಳಿ ಖಚಿತಪಡಿಸಿಕೊಳ್ಳತಕ್ಕದ್ದು.