ಒದ್ದರೂ ಏಳದ ಗಾಡಿ

ಹಳೆಯ ಮೋಟಾರ್ ಸೈಕಲ್ಲು ಇರುವ ಬೀದಿಯಲ್ಲಿ ವಾಸವಾಗಿರುವವರೆಲ್ಲ ಈ ದೃಶ್ಯವನ್ನು ನೋಡಿಯೇ ಇರುತ್ತೀರಿ. ಬೆಳಗಿನ ಒಂಬತ್ತು ಗಂಟೆ. ಇಸ್ತ್ರಿ ಮಾಡಿದ ಷರ್ಟು ತೊಟ್ಟ ಗೃಹಸ್ಥರೊಬ್ಬರು ತಮ್ಮ ಗಾಡಿಯನ್ನು ಒದೆಯುತ್ತಿದ್ದಾರೆ. ಮೊದಲ ಹತ್ತು ಒದೆತ ಸಮಾಧಾನದಿಂದ, ಮುಂದಿನ ಹತ್ತು ಸ್ವಲ್ಪ ಬಿರುಸಾಗಿ, ಆಮೇಲಿನವು ವೈರಿಯನ್ನು ಒದ್ದಂತೆ. ಷರ್ಟು ಬೆನ್ನಿಗಂಟಿದೆ. ಎದುರು ಮನೆಯವರು ಜಗಲಿಯಲ್ಲಿ ನಿಂತು, "ಪೆಟ್ರೋಲಿದೆಯೇ, ನೋಡಿದಿರಾ?" ಎಂದು ಕೇಳುತ್ತಾರೆ. ಆ ಪ್ರಶ್ನೆಗೆ ಬರುವಷ್ಟು ಕೋಪ ಮತ್ತಾವ ಪ್ರಶ್ನೆಗೂ ಬರದು. ಆದರೆ, ದಯವಿಟ್ಟು ಬೇಸರಿಸಬೇಡಿ, ಅದೇ ಸರಿಯಾದ ಪ್ರಶ್ನೆ.

ನಾನು ವೃತ್ತಿಯಿಂದ ಮೆಕ್ಯಾನಿಕ್ ಅಲ್ಲ. ನನಗೆ ಗೊತ್ತಿರುವ ಗಾಡಿಯೂ ಒಂದೇ. ನಮ್ಮ ತಂದೆಯವರು 1969ರಲ್ಲಿ ಕೊಂಡ 250 ಸಿ.ಸಿ. ಜಾವಾ. ಹೆಸರು ಪ್ರಾಗ್ ನಗರದ್ದು. ಜಾನೆಚೆಕ್ ಎಂಬಾತ ವಾಂಡರರ್ ಎಂಬ ಜರ್ಮನ್ ಕಂಪೆನಿಯ ಗಾಡಿಯ ನಕ್ಷೆಯನ್ನು ಕೊಂಡು, ಎರಡು ಹೆಸರುಗಳ ಮೊದಲಕ್ಷರಗಳನ್ನು ಕೂಡಿಸಿ 1929ರಲ್ಲಿ ಇಟ್ಟ ಹೆಸರದು. ಆದರೆ ನಮ್ಮ ಗಾಡಿ ಹುಟ್ಟಿದ್ದು ಮೈಸೂರಿನ ಯಾದವಗಿರಿಯಲ್ಲಿ. ಅಲ್ಲಿನ ಐಡಿಯಲ್ ಜಾವಾ ಕಾರ್ಖಾನೆ 1961ರಲ್ಲಿ ಗಾಡಿ ತಯಾರಿಸತೊಡಗಿ, ಮುಂದೆ ಅವಕ್ಕೆ ಯೆಜ್ಡಿ ಎಂದು ಹೆಸರಿಟ್ಟು, 1996ರಲ್ಲಿ ಬಾಗಿಲು ಹಾಕಿತು. ಕಾರ್ಖಾನೆ ಮುಚ್ಚಿದರೂ ಗಾಡಿಗಳು ಮುಚ್ಚಲಿಲ್ಲ. ಹಳೆಯ ಮೈಸೂರಿನ ಕಡೆ ಎಷ್ಟೋ ಮನೆಗಳ ಕೊಟ್ಟಿಗೆಯಲ್ಲಿ ಗೋಣಿತಾಟು ಹೊದ್ದು ಇಂದಿಗೂ ನಿಂತಿವೆ.

ನಮ್ಮದೂ ಹಾಗೆಯೇ ನಿಂತಿತ್ತು. 2012ರಲ್ಲಿ ತಂದೆಯವರು ತೀರಿಕೊಂಡರು. ಆಮೇಲೆ ಹನ್ನೊಂದು ವರ್ಷ ಅದನ್ನು ಯಾರೂ ಮುಟ್ಟಲಿಲ್ಲ. ಮನೆಯನ್ನು ಕೆಡವಿ ಕಟ್ಟಿಸುವ ಮಾತು ಬಂದಾಗ ನನ್ನ ತಮ್ಮ ಒಬ್ಬ ಮೆಕ್ಯಾನಿಕ್‌ನನ್ನು ಕರೆತಂದ. ಟ್ಯಾಂಕು ತೊಳೆದು, ಹೊಸ ಬ್ಯಾಟರಿ ಹಾಕಿ, ಕಂಠಪೂರ್ತಿ ಪೆಟ್ರೋಲು ತುಂಬಿಸಿದ್ದಾಯಿತು. ಆ ಪುಣ್ಯಾತ್ಮ ನಲವತ್ತು ಸಲ ಒದ್ದು, ಬೆವರೊರೆಸಿಕೊಂಡು, "ಬೋರ್ ಹೋಗಿದೆ ಸಾರ್, ಕ್ರ್ಯಾಂಕೂ ಹೋಗಿದೆ" ಎಂದು ತೀರ್ಪು ಕೊಟ್ಟ. ಅವನು ಹೇಳಿದ ಖರ್ಚು ಕೇಳಿ ತಮ್ಮ ಗುಜರಿಯವನಿಗೆ ಸೋಮವಾರ ಬಾ ಎಂದು ಹೇಳಿ ಕಳುಹಿಸಿದ. ಅಮ್ಮ ಏನೂ ಹೇಳಲಿಲ್ಲ. ಗೋಣಿತಾಟನ್ನು ಮಾತ್ರ ಮಡಿಸಿ ಒಳಗಿಟ್ಟರು. ನನಗೆ ಉಳಿದಿದ್ದು ಒಂದು ಭಾನುವಾರ.

ಒಂದು ಮಾತನ್ನು ಮೊದಲೇ ಹೇಳಿಬಿಡುತ್ತೇನೆ. ಎಂಜಿನ್ನಿಗೆ ಬೇಕಾದದ್ದು ಮೂರೇ: ಗಾಳಿ ಬೆರೆತ ಪೆಟ್ರೋಲು, ಅದನ್ನು ಅದುಮುವ ಒತ್ತಡ, ಸರಿಯಾದ ಗಳಿಗೆಯಲ್ಲಿ ಒಂದು ಕಿಡಿ. ಮೂರೂ ಇದ್ದರೆ ಅದು ಏಳದೆ ಇರಲಾರದು. ನಾವು ಮಾಡುವ ತಪ್ಪೆಂದರೆ ಈ ಮೂರರಲ್ಲಿ ಯಾವುದು ಇಲ್ಲವೆಂದು ನೋಡದೆ ಕಂಡದ್ದನ್ನೆಲ್ಲ ಬಿಚ್ಚುವುದು. ಬಿಚ್ಚಿದ್ದನ್ನು ಮತ್ತೆ ಜೋಡಿಸುವಾಗ ಒಂದು ವಾಷರು ಉಳಿದೇ ಉಳಿಯುತ್ತದೆ.

ಒತ್ತಡವನ್ನು ತಿಳಿಯುವುದು ಸುಲಭ. ಪ್ಲಗ್ಗನ್ನು ಬಿಚ್ಚಿ ಆ ತೂತಿಗೆ ಹೆಬ್ಬೆರಳನ್ನು ಒತ್ತಿ ಹಿಡಿದು, ಬೇರೊಬ್ಬರಿಂದ ಕಿಕ್ಕರ್ ತುಳಿಸಿ. ಬೆರಳನ್ನು ಗಾಳಿ ರಭಸದಿಂದ ತಳ್ಳಿದರೆ ಬೋರಿನ ಚಿಂತೆಯನ್ನು ಸದ್ಯಕ್ಕೆ ಬಿಡಬಹುದು. ವರ್ಷಗಟ್ಟಲೆ ನಿಂತ ಗಾಡಿಯಾದರೆ ಅದಕ್ಕೂ ಮೊದಲು ಆ ತೂತಿನಲ್ಲಿ ನಾಲ್ಕು ಹನಿ ಎಣ್ಣೆ ಬಿಟ್ಟು, ನಿಧಾನವಾಗಿ ತಿರುಗಿಸಿ. ಒಣಗಿ ಹಿಡಿದುಕೊಂಡ ರಿಂಗುಗಳನ್ನು ಒಮ್ಮೆಲೇ ಒದ್ದರೆ ಮುರಿದಾವು. ನಮ್ಮ ಗಾಡಿಯಲ್ಲಿ ಹೆಬ್ಬೆರಳು ಚಿಮ್ಮಿತು. ನಲವತ್ತು ಸಲ ಒದ್ದವನು ಈ ಒಂದು ಕೆಲಸವನ್ನು ಮಾಡಿರಲಿಲ್ಲ.

ಈಗ ಕೈಯಲ್ಲಿರುವ ಪ್ಲಗ್ಗನ್ನು ನೋಡಿ. ವೈದ್ಯರು ನಾಲಗೆ ನೋಡುವುದಿಲ್ಲವೇ, ಹಾಗೆ. ಅಷ್ಟು ಸಲ ಒದ್ದ ಮೇಲೂ ತುದಿ ಒಣಗಿದ್ದರೆ ಪೆಟ್ರೋಲು ಒಳಗೆ ಬಂದೇ ಇಲ್ಲ. ತೊಯ್ದು ತೊಟ್ಟಿಕ್ಕುತ್ತಿದ್ದರೆ ಪೆಟ್ರೋಲು ಬಂದಿದೆ, ಕಿಡಿ ಬಂದಿಲ್ಲ, ಅಥವಾ ಬೇಕಾದ್ದಕ್ಕಿಂತ ಹೆಚ್ಚು ಬಂದಿದೆ. ಜಾವಾದಂಥ ಟೂ ಸ್ಟ್ರೋಕ್ ಗಾಡಿಯಲ್ಲಿ ಪೆಟ್ರೋಲು ಮೊದಲು ಕೆಳಗಿನ ಕ್ರ್ಯಾಂಕ್ ಕೋಣೆಗೆ ಹೋಗಿ ಅಲ್ಲಿಂದ ಮೇಲಕ್ಕೆ ಬರುವುದರಿಂದ ಈ ಅತಿಯೂಟದ ಕಾಯಿಲೆ ಸಾಮಾನ್ಯ. ಅದಕ್ಕೆ ಔಷಧ: ಪೆಟ್ರೋಲಿನ ನಲ್ಲಿ ಮುಚ್ಚಿ, ಬೀಗದ ಕೈ ತೆಗೆದು, ಪ್ಲಗ್ಗಿಲ್ಲದೆ ಆಕ್ಸಿಲರೇಟರನ್ನು ಪೂರ್ತಿ ತಿರುಗಿಸಿ ಹತ್ತಿಪ್ಪತ್ತು ಸಲ ಒದೆಯುವುದು. ಒಳಗಿನದೆಲ್ಲ ಆವಿಯಾಗಿ ಹೊರಬೀಳುತ್ತದೆ. ಆಗ ಹತ್ತಿರದಲ್ಲಿ ಬೀಡಿ ಸೇದುವ ಹಿತೈಷಿಗಳು ಯಾರೂ ಇರಬಾರದು. ತುದಿ ಕಪ್ಪಗೆ, ಎಣ್ಣೆ ಜಿಡ್ಡಾಗಿದ್ದರೆ ಪೆಟ್ರೋಲಿಗೆ ಎಣ್ಣೆ ಹೆಚ್ಚು ಬೆರೆಸಿದ್ದೀರಿ. ಲೀಟರಿಗೆ 40 ಮಿಲಿಲೀಟರು ಸಾಕು.

ನಮ್ಮ ಪ್ಲಗ್ಗು ಬೇಸಗೆಯ ಕೆರೆಯಂತೆ ಒಣಗಿತ್ತು. ಸರಿ, ರೋಗ ಸಿಕ್ಕಿತೆಂದು ಹಿಗ್ಗಿ ಕಾರ್ಬುರೇಟರಿಗೆ ಕೈ ಹಾಕುವವನಿದ್ದೆ. ಆದರೆ ತಂದೆಯವರು, ಪ್ಲಗ್ಗು ಕೈಯಲ್ಲಿರುವಾಗಲೇ ಕಿಡಿಯನ್ನೂ ನೋಡಿಬಿಡು ಎನ್ನುತ್ತಿದ್ದರು. ಪ್ಲಗ್ಗಿಗೆ ಅದರ ವೈರನ್ನು ಸಿಕ್ಕಿಸಿ, ಅದರ ಮೈ ಎಂಜಿನ್ನಿನ ಲೋಹಕ್ಕೆ ತಾಗುವಂತೆ, ಆದರೆ ಪ್ಲಗ್ಗಿನ ತೂತಿನಿಂದ ದೂರದಲ್ಲಿ ಇಟ್ಟು, ಬೀಗದ ಕೈ ತಿರುಗಿಸಿ ಒದೆಯಬೇಕು. ತೂತಿನ ಹತ್ತಿರ ಇಟ್ಟರೆ ಹೊರಬರುವ ಪೆಟ್ರೋಲಿನ ಆವಿಗೆ ಬೆಂಕಿ ಹತ್ತೀತು. ಚೆಲ್ಲಿದ ಪೆಟ್ರೋಲನ್ನು ಒರೆಸದೆ ಈ ಪರೀಕ್ಷೆಯನ್ನು ಮಾಡಲೇಬಾರದು. ನೀಲಿ ಕಿಡಿ ಚಟ್ಟೆಂದು ಹಾರಿದರೆ ಉತ್ತಮ. ಕೆಂಪು ಹಳದಿಯಾಗಿ ಮಿಣುಕಿದರೆ ಬಲಹೀನ. ನಮ್ಮಲ್ಲಿ ಏನೂ ಇಲ್ಲ.

ಅಂದರೆ ಪೆಟ್ರೋಲೂ ಇಲ್ಲ, ಕಿಡಿಯೂ ಇಲ್ಲ! ಬಹಳ ಕಾಲ ಮಲಗಿದ್ದ ಗಾಡಿಗೆ ಕಾಯಿಲೆ ಒಂದೇ ಇರುವುದಿಲ್ಲ. ಒಂದನ್ನು ವಾಸಿಮಾಡಿ, ಆದರೂ ಏಳಲಿಲ್ಲವೆಂದು ಎದೆಗುಂದುವವರೇ ಹೆಚ್ಚು.

ಈ ಗಾಡಿಗಳಲ್ಲಿ ಕಿಡಿಗೆ ಬೇಕಾದ ಕರೆಂಟು 6 ವೋಲ್ಟಿನ ಬ್ಯಾಟರಿಯಿಂದ ಬರುತ್ತದೆ. ಹಾರನ್ ಒತ್ತಿ ನೋಡಿ. ಅದು ನೆಗಡಿಯಾದವರಂತೆ ಗೊರಗುಟ್ಟಿದರೆ ಬ್ಯಾಟರಿಯೇ ಅಪರಾಧಿ. ನಮ್ಮದು ಚೆನ್ನಾಗಿ ಕೂಗಿತು. ಉಳಿದದ್ದು ಎಂಜಿನ್ನಿನ ಬಲಗಡೆಯ ಮುಚ್ಚಳದೊಳಗೆ ಡೈನಮೋದ ಜೊತೆಗಿರುವ ಪಾಯಿಂಟು. ಒಂದಕ್ಕೊಂದು ತಾಗಿ ಬಿಡುವ ಎರಡು ಪುಟ್ಟ ಲೋಹದ ಬೊಟ್ಟುಗಳು, ಅಷ್ಟೇ. ಅವು ಬಿಡುವ ಗಳಿಗೆಯಲ್ಲಿ ಕಾಯಿಲ್ಲಿನಲ್ಲಿ ಹುಟ್ಟುವ ಕರೆಂಟೇ ಪ್ಲಗ್ಗಿನಲ್ಲಿ ಕಿಡಿಯಾಗುವುದು. ಸುಮ್ಮನೆ ನಿಂತ ಗಾಡಿಯಲ್ಲಿ ಈ ಬೊಟ್ಟುಗಳ ಮೇಲೆ ಕಣ್ಣಿಗೆ ಕಾಣದಷ್ಟು ತೆಳುವಾದ ಕಿಲುಬು ಕಟ್ಟುತ್ತದೆ. ಕಬ್ಬಿಣದ ಗೋಡೆಗೆ ಅದು ಸಮ. ನಯವಾದ ಉಪ್ಪುಕಾಗದದ ಚೂರನ್ನು ನಡುವೆ ತೂರಿಸಿ ನಾಲ್ಕು ಸಲ ಎಳೆದು, ಆಮೇಲೆ ಒಣ ಬಿಳಿಯ ಕಾಗದವನ್ನು ಎಳೆದು ಪುಡಿ ತೆಗೆದೆ. ಬೊಟ್ಟುಗಳು ಪೂರ್ತಿ ತೆರೆದಾಗ ನಡುವೆ ಸುಮಾರು 0.4 ಮಿಲಿಮೀಟರು ಸಂದು ಇರಬೇಕು. ಅಳೆಯುವ ಫೀಲರ್ ಗೇಜ್ ಇಲ್ಲದಿದ್ದರೆ ದಪ್ಪನೆಯ ವಿಸಿಟಿಂಗ್ ಕಾರ್ಡು ಬಿಗಿಯಾಗಿ ಜಾರುವಷ್ಟು. ಸಂದು ಸರಿಯಿದ್ದೂ ಒದ್ದಾಗ ಪಾಯಿಂಟಿನಲ್ಲೇ ದಪ್ಪ ಬೆಳ್ಳನೆಯ ಕಿಡಿ ಹಾರುತ್ತಿದ್ದರೆ ಪಕ್ಕದ ಕಂಡೆನ್ಸರು ಕೆಟ್ಟಿದೆಯೆಂದು ತಿಳಿಯಿರಿ. ಅದನ್ನು ರಿಪೇರಿ ಮಾಡಲಾಗದು, ಬದಲಾಯಿಸಬೇಕು.

ಉಪ್ಪುಕಾಗದದ ಖರ್ಚು ಎಷ್ಟಾಯಿತೆಂದು ಕೇಳುತ್ತೀರಾ? ಮೂರು ರೂಪಾಯಿ. ನೀಲಿ ಕಿಡಿ ಚಟ್ಟೆಂದಿತು.

ಕಾರ್ಬುರೇಟರಿನ ಕಥೆ ಚಿಕ್ಕದು. ಅದರ ತೊಟ್ಟಿಯನ್ನು ಬಿಚ್ಚಿದರೆ ಹನ್ನೊಂದು ವರ್ಷದ ಪೆಟ್ರೋಲು ಒಣಗಿ ಬೆಲ್ಲದ ಪಾಕದಂತೆ ತಳ ಹಿಡಿದಿತ್ತು. ಜೆಟ್ಟನ್ನು ಬೆಳಕಿಗೆ ಹಿಡಿದರೆ ಆ ಕಡೆ ಕಾಣಬೇಕು, ಕಾಣಲಿಲ್ಲ. ಅದರೊಳಗೆ ಸೂಜಿಯನ್ನಾಗಲಿ ತಂತಿಯನ್ನಾಗಲಿ ತೂರಿಸಬೇಡಿ. ತೂತು ದೊಡ್ಡದಾದರೆ ಗಾಡಿ ಜೀವಮಾನವೆಲ್ಲ ಪೆಟ್ರೋಲು ಕುಡಿಯುತ್ತದೆ. ಪೆಟ್ರೋಲಿನಲ್ಲಿ ನೆನೆಹಾಕಿ ಸೈಕಲ್ ಪಂಪಿನಿಂದ ಗಾಳಿ ಹೊಡೆದರೆ ಸಾಕು. ಈಗಿನ ಪೆಟ್ರೋಲಿನಲ್ಲಿ ಶೇಕಡ 20ರವರೆಗೆ ಎಥನಾಲ್ ಬೆರೆತಿರುತ್ತದೆ. ಅದು ತೇವವನ್ನು ಹೀರುವ ಸ್ವಭಾವದ್ದು. ಆದ್ದರಿಂದ ತಿಂಗಳುಗಟ್ಟಲೆ ನಿಲ್ಲಿಸುವ ಗಾಡಿಯ ತೊಟ್ಟಿಯನ್ನು ಖಾಲಿ ಮಾಡಿಯೇ ನಿಲ್ಲಿಸಿ.

ಸಂಜೆ ಐದು ಗಂಟೆಗೆ ಗಾಡಿಯನ್ನು ಅಂಗಳಕ್ಕೆ ತಳ್ಳಿದೆವು. ಮುಚ್ಚಿದ ಕೊಟ್ಟಿಗೆಯಲ್ಲಿ ಎಂಜಿನ್ ಓಡಿಸಕೂಡದು, ಆ ಹೊಗೆ ಪ್ರಾಣಕ್ಕೆ ಅಪಾಯ. ಜಾವಾದ ಕಿಕ್ಕರೂ ಗೇರೂ ಒಂದೇ ಕಡ್ಡಿ. ಒಳಕ್ಕೆ ಒತ್ತಿ ಹಿಂದಕ್ಕೆ ತಿರುಗಿಸಿದರೆ ಕಿಕ್ಕರ್. ತಮ್ಮನಿಗೆ ಅದು ಮರೆತೇಹೋಗಿತ್ತು. ಕಾರ್ಬುರೇಟರಿನ ಪುಟ್ಟ ಗುಂಡಿಯನ್ನು ಪೆಟ್ರೋಲು ಜಿನುಗುವವರೆಗೆ ಒತ್ತಿ ನಾನು ಒದ್ದೆ. ಒಂದು, ಎರಡು. ಮೂರನೆಯದಕ್ಕೆ ಎರಡೂ ಸೈಲೆನ್ಸರುಗಳಿಂದ ಬೂದುಬಣ್ಣದ ಹೊಗೆ ಎದ್ದು, ಬೀದಿಗೆಲ್ಲ ಕೇಳುವಂತೆ ಗಾಡಿ ಮಾತಾಡಿತು. ಅಮ್ಮ ಸೆರಗಿಗೆ ಕೈ ಒರೆಸಿಕೊಳ್ಳುತ್ತ ಬಾಗಿಲಿಗೆ ಬಂದರು. "ನಿಮ್ಮಪ್ಪನಿಗೆ ಎರಡನೇ ಸಲಕ್ಕೇ ಏಳುತ್ತಿತ್ತು," ಎಂದರು.

ಹತ್ತು ನಿಮಿಷ ಓಡಿ ನಿಂತುಹೋಯಿತು. ತಮ್ಮನ ಮುಖ ಇಳಿಯಿತು. ಟ್ಯಾಂಕಿನ ಮುಚ್ಚಳ ತಿರುಗಿಸಿದಾಗ ಸುಯ್ಯೆಂದು ಗಾಳಿ ಒಳನುಗ್ಗಿತು. ಮುಚ್ಚಳದಲ್ಲಿ ಗಾಳಿಯಾಡಲು ಇರುವ ಚಿಕ್ಕ ತೂತು ಧೂಳಿನಿಂದ ಮುಚ್ಚಿಹೋಗಿತ್ತು. ಗಾಳಿ ಒಳಗೆ ಹೋಗದೆ ಪೆಟ್ರೋಲು ಕೆಳಗಿಳಿಯದು. ಅಲ್ಲಿಗೆ ಮಾತ್ರ ಅಮ್ಮನ ಹೊಲಿಗೆ ಸೂಜಿ ಕೆಲಸಕ್ಕೆ ಬಂತು.

ಸೋಮವಾರ ಗುಜರಿಯವನು ಹೇಳಿದ ಹೊತ್ತಿಗೆ ಸರಿಯಾಗಿ ತಕ್ಕಡಿ ಸಮೇತ ಬಂದ. ಸುಮ್ಮನೆ ಕಳುಹಿಸುವುದು ಹೇಗೆಂದು ಹಳೆಯ ಬ್ಯಾಟರಿಯನ್ನು ತೂಕಕ್ಕೆ ಹಾಕಿದೆವು.