ಸಾವಿನ ಅರಿವು, ಬದುಕಿನ ಹದ

(ಚಳ್ಳಕೆರೆಯ ಶಿವಾನುಭವ ಗೋಷ್ಠಿಯಲ್ಲಿ ನೀಡಿದ ಉಪನ್ಯಾಸದ ಬರಹರೂಪ)

 

ಮೊಳಕಾಲ್ಮೂರು ತಾಲ್ಲೂಕಿನ ಬ್ರಹ್ಮಗಿರಿಯನ್ನು ನಿಮ್ಮಲ್ಲಿ ಹಲವರು ನೋಡಿದ್ದೀರಿ. 1947ರಲ್ಲಿ ಮಾರ್ಟಿಮರ್ ವೀಲರ್ ಅಲ್ಲಿ ಉತ್ಖನನ ನಡೆಸಿದಾಗ ಕಲ್ಲುಚಪ್ಪಡಿಯ ಪುರಾತನ ಗೋರಿಗಳನ್ನು ತೆರೆದರು. ಸತ್ತವರ ಜೊತೆಗೆ ಮಡಕೆ, ಕಬ್ಬಿಣದ ಸಾಮಾನು ಇಟ್ಟಿದ್ದರು. ಅಲ್ಲಿಯೇ ಅಶೋಕನ ಬಂಡೆ ಶಾಸನವೂ ಇದೆ. ತಂದೆತಾಯಿಗಳಿಗೆ ವಿಧೇಯನಾಗಿರು, ಜೀವಿಗಳಲ್ಲಿ ದಯೆಯಿಡು, ಸತ್ಯ ನುಡಿ ಎಂಬುದು ಅದರ ಸಾರ. ಗೋರಿ ಸಾವನ್ನು ನೆನಪಿಸುತ್ತದೆ, ಶಾಸನ ಬದುಕುವ ಬಗೆಯನ್ನು ಹೇಳುತ್ತದೆ. ಇವೆರಡೂ ಬೇರೆಯಲ್ಲ ಎಂದು ಅಶೋಕನ ಕಾಲದಲ್ಲಿಯೇ ಗ್ರೀಸಿನಲ್ಲಿ ಹೇಳುತ್ತಿದ್ದವರು ಸ್ಟೋಯಿಕರು.

ಅವರ ಮೂಲಗುರು ಜೀನೋ ಅಥೆನ್ಸಿನ ಒಂದು ಕಂಬಸಾಲಿನ ಪಡಸಾಲೆಯಲ್ಲಿ ಪಾಠ ಹೇಳುತ್ತಿದ್ದ. ಅವನನ್ನು ಗೌರವಿಸುತ್ತಿದ್ದ ದೊರೆ ಆಂಟಿಗೋನಸ್. ಅಶೋಕನ ಹದಿಮೂರನೆಯ ಬಂಡೆ ಶಾಸನ ಹೆಸರಿಸುವ ಯವನ ದೊರೆಗಳಲ್ಲಿ ಅವನೂ ಒಬ್ಬ. ಮುಂದೆ ರೋಮಿನಲ್ಲಿ ಗುಲಾಮನಾಗಿದ್ದ ಎಪಿಕ್ಟೆಟಸ್, ಚಕ್ರವರ್ತಿ ಮಾರ್ಕಸ್ ಅರೇಲಿಯಸ್ ಇಬ್ಬರೂ ಇದೇ ದಾರಿ ಹಿಡಿದರು. ಮಡಿವಾಳ ಮಾಚಯ್ಯನವರೂ ಬಸವಣ್ಣನವರೂ ಒಟ್ಟಿಗೆ ಕುಳಿತ ಅನುಭವ ಮಂಟಪ ನಮಗೆ ನೆನಪಾಗದೆ ಇರದು.

ಎಪಿಕ್ಟೆಟಸನ ಮೊದಲ ಪಾಠ: ಕೆಲವು ಸಂಗತಿ ನಮ್ಮ ಕೈಯಲ್ಲಿವೆ, ಕೆಲವು ಇಲ್ಲ. ನೀರಾವರಿ ಬಲ್ಲ ನಮ್ಮ ಜಿಲ್ಲೆಯವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ವಾಣಿ ವಿಲಾಸ ಸಾಗರದ ಕಟ್ಟೆ 1907ರಲ್ಲಿ ಮುಗಿಯಿತು. 1933ರಲ್ಲಿ ಕೋಡಿ ಬಿದ್ದ ಮೇಲೆ ಮತ್ತೆ ಬಿದ್ದದ್ದು 2022ರಲ್ಲಿ. ಕಟ್ಟೆಯನ್ನು ಗಟ್ಟಿಯಾಗಿ ಕಟ್ಟುವುದು, ತೂಬು ನೋಡಿಕೊಳ್ಳುವುದು ನಮ್ಮ ಕೆಲಸ, ಮಳೆ ನಮ್ಮದಲ್ಲ. ಆಯುಷ್ಯವೂ ಹಾಗೆಯೇ. ಎಷ್ಟು ವರ್ಷ ಎಂಬುದು ನಮ್ಮದಲ್ಲ. ಇಂದಿನ ಕಾಯಕ, ಇಂದಿನ ನಡೆನುಡಿ ನಮ್ಮದು.

ಸ್ಟೋಯಿಕರು ಸಾವನ್ನು ದಿನವೂ ನೆನೆಯಿರಿ ಎಂದದ್ದು ಹೆದರಿಸಲಿಕ್ಕಲ್ಲ, ಇಂದಿನ ದಿನ ಪೋಲಾಗದಿರಲಿ ಎಂದು. ಶರಣರು ಇನ್ನೂ ಮುಂದೆ ಹೋದರು. ಸಾವನ್ನು ಲಿಂಗೈಕ್ಯ ಎಂದು ಕರೆದರು, ಸೂತಕವನ್ನು ಒಪ್ಪಲಿಲ್ಲ. ಇನ್ನೊಂದು ವ್ಯತ್ಯಾಸವೂ ಉಂಟು. ಮನುಷ್ಯರೆಲ್ಲ ಒಂದೇ ಊರಿನವರು ಎಂದ ಸ್ಟೋಯಿಕರು ಗುಲಾಮಗಿರಿ ಕೀಳಲು ಚಳವಳಿ ಹೂಡಲಿಲ್ಲ. ನಮ್ಮ ಹರಳಯ್ಯ, ಮಧುವರಸರು ಜಾತಿ ಮೀರಿ ಬೀಗರಾಗಿ ಅದಕ್ಕೆ ಪ್ರಾಣವನ್ನೇ ತೆತ್ತರು. ಸಮಚಿತ್ತವೆಂದರೆ ಅನ್ಯಾಯವನ್ನು ಸಹಿಸಿಕೊಂಡು ಕೂರುವುದಲ್ಲ ಎಂಬುದನ್ನು ಕಲ್ಯಾಣ ತೋರಿಸಿತು.

ಈ ಪರಂಪರೆಯ ನಾವು ಇಂದು ಏನು ಮಾಡುತ್ತಿದ್ದೇವೆ? ಮೈಮೇಲೆ ಲಿಂಗವಿದ್ದೂ ಸಾವಿನ ಮನೆಯಲ್ಲಿ ಸೂತಕ ಹಿಡಿಯುತ್ತೇವೆ, ಗಳಿಗೆ ಕೇಳುತ್ತೇವೆ. ಶೇಂಗಾ ಬೆಳೆ ಕೈಕೊಟ್ಟ ವರ್ಷವೂ 'ನಾಲ್ಕು ಜನ ಏನೆಂದಾರು' ಎಂದು ಸಾಲ ತಂದು ತಿಥಿಯೂಟ ಹಾಕುತ್ತೇವೆ. ಹೋದವರು ಹೋದರು, ಬಡ್ಡಿ ಕಟ್ಟುವವರು ಉಳಿದ ಮಕ್ಕಳು. ಗಂಡನನ್ನು ಕಳೆದುಕೊಂಡ ತಾಯಿಯ ಬಳೆ ಒಡೆದು ಕುಂಕುಮ ಅಳಿಸುವುದಂತೂ ದುಃಖದ ಮೇಲೆ ಇನ್ನೊಂದು ಏಟು. ಸಾವು ನಮ್ಮ ಕೈಯಲ್ಲಿಲ್ಲ, ಒಪ್ಪೋಣ. ಇವೆಲ್ಲ ನಮ್ಮ ಕೈಯಲ್ಲಿಯೇ ಇವೆಯಲ್ಲ!

ಅರವತ್ತು ದಾಟಿದ ನನ್ನಂಥವರಲ್ಲಿ ಒಂದು ವಿನಂತಿ. ಕಣ್ಣು ತೆರೆದಿರುವಾಗಲೇ ಒಂದು ಹಾಳೆಯಲ್ಲಿ ಬರೆದಿಡೋಣ: ನನ್ನ ಕ್ರಿಯಾಸಮಾಧಿ ಸರಳವಾಗಿರಲಿ, ತಿಥಿ ಬೇಡ, ಸಾಲ ಬೇಡ, ಊಟದ ಹಣ ಓದುವ ಒಂದು ಮಗುವಿಗೆ ಸಲ್ಲಲಿ, ಕಣ್ಣುಗಳು ದಾನವಾಗಲಿ, ನನ್ನ ಮಡದಿಯ ಬಳೆ, ಕುಂಕುಮ ಯಾರೂ ಮುಟ್ಟಬಾರದು. ಬರೆದು ಮಕ್ಕಳನ್ನು ಕೂರಿಸಿಕೊಂಡು ಓದಿ ಹೇಳೋಣ. 'ಇಂಥ ಮಾತು ಯಾಕಪ್ಪ' ಎಂದು ಅವರು ಅಂದಾರು. ಆದರೂ ಹೇಳೋಣ. ನಾವು ಹೇಳದೆ ಹೋದರೆ ಆ ದಿನ ನೆಂಟರ ಮಾತು ನಡೆಯುತ್ತದೆ, ನಮ್ಮ ತತ್ವ ನಡೆಯುವುದಿಲ್ಲ.