ಮೊಟ್ಟೆಯೊಳಗಿನ ಪುಟ್ಟ ಗುಂಡಿಗೆ

ಇವತ್ತಿನ ನನ್ನ ಮಾತು ಮುಖ್ಯವಾಗಿ ಅಮೆರಿಕದಲ್ಲೇ ಹುಟ್ಟಿ ಬೆಳೆದ ನಮ್ಮ ಮನೆಗಳ ಹುಡುಗ ಹುಡುಗಿಯರಿಗೆ.

ಕನ್ನಡದಲ್ಲಿ ‘ಎದೆಗೂಡು’ ಎಂಬ ಪದವಿದೆ. ಹಕ್ಕಿ ಕಟ್ಟುವುದೂ ಗೂಡು, ನಮ್ಮ ಹೃದಯವನ್ನು ಕಾಯುವ ಪಕ್ಕೆಲುಬುಗಳದ್ದೂ ಗೂಡು. ಹೃದಯಕ್ಕೆ ಇನ್ನೊಂದು ಹೆಸರು ಗುಂಡಿಗೆ. ‘ಅವಳಿಗೆ ಗುಂಡಿಗೆ ಇದೆ’ ಎಂದರೆ ಧೈರ್ಯವಿದೆ ಎಂದರ್ಥ. ಹಕ್ಕಿಯ ಗುಂಡಿಗೆಯನ್ನು ಮೊಟ್ಟೆಯೊಳಗೇ ಕೆಡಿಸುವ ಒಂದು ವಿಷದ ಬಗ್ಗೆ ಇವತ್ತು ಹೇಳುತ್ತೇನೆ.

ನ್ಯೂಯಾರ್ಕ್ ರಾಜ್ಯದಲ್ಲಿ ಹಡ್ಸನ್ ನದಿಯ ದಡದಲ್ಲಿ ಫೋರ್ಟ್ ಎಡ್ವರ್ಡ್, ಹಡ್ಸನ್ ಫಾಲ್ಸ್ ಎಂಬ ಎರಡು ಊರುಗಳಿವೆ. ಅಲ್ಲಿ ಜನರಲ್ ಎಲೆಕ್ಟ್ರಿಕ್ ಕಂಪನಿಯ ಕೆಪಾಸಿಟರ್ ಕಾರ್ಖಾನೆಗಳಿದ್ದವು. 1947ರಿಂದ 1977ರವರೆಗೆ ಅವುಗಳಿಂದ ಪಾಲಿಕ್ಲೋರಿನೇಟೆಡ್ ಬೈಫಿನೈಲ್, ಚಿಕ್ಕದಾಗಿ ಪಿಸಿಬಿ, ನದಿಗೆ ಸೇರಿತು. ಅಂದಾಜು 13 ಲಕ್ಷ ಪೌಂಡ್‌ವರೆಗೆ! ಪಿಸಿಬಿಗೆ ಸುಲಭವಾಗಿ ಬೆಂಕಿ ಹತ್ತುವುದಿಲ್ಲ, ಅದು ಬೇಗ ಕೆಡುವುದೂ ಇಲ್ಲ. ಕಾರ್ಖಾನೆಗೆ ಬೇಕಾಗಿದ್ದ ಆ ಗುಣವೇ ನದಿಗೆ ಮುಳುವಾಯಿತು. 1979ರಲ್ಲಿ ಅಮೆರಿಕ ಅದರ ತಯಾರಿಕೆಯನ್ನು ನಿಷೇಧಿಸಿದರೂ, ನದಿಯ ತಳದ ಕೆಸರಿನಲ್ಲಿ ಅದು ಉಳಿದುಕೊಂಡಿತು.

ನೀರಿನ ತಳದ ವಿಷ ಆಕಾಶದ ಹಕ್ಕಿಗೆ ಹೇಗೆ ತಲುಪುತ್ತದೆ, ನೋಡಿ. ಕೆಸರಿನಲ್ಲಿ ಬೆಳೆದ ಹುಳುಗಳು ರೆಕ್ಕೆ ಬಂದು ಮೇಲೇಳುತ್ತವೆ. ಟ್ರೀ ಸ್ವಾಲೋ ಎಂಬ ಸುಮಾರು 20 ಗ್ರಾಂ ತೂಕದ ಹಕ್ಕಿ ಹಾರುತ್ತಲೇ ಅವನ್ನು ಹಿಡಿದು ತಿನ್ನುತ್ತದೆ. ಪಿಸಿಬಿ ಕೊಬ್ಬಿನಲ್ಲಿ ಸೇರಿಕೊಳ್ಳುವ ವಸ್ತು. ಮೊಟ್ಟೆಯ ಹಳದಿಯಲ್ಲಿ ಕೊಬ್ಬು ಹೇರಳ. ಹೀಗೆ ತಾಯಿ ಮರಿಗೆ ಕಟ್ಟಿಕೊಡುವ ಬುತ್ತಿಯಲ್ಲೇ ವಿಷ ಸೇರುತ್ತದೆ.

ಕೋಳಿಮೊಟ್ಟೆಗೆ ಕಾವು ಸಿಕ್ಕ ಎರಡನೇ ದಿನವೇ ಹೃದಯ ಬಡಿಯಲು ಶುರುವಾಗುತ್ತದೆ. ಆಗ ಅದು ಬರೀ ಒಂದು ಕೊಳವೆ. ಆಮೇಲೆ ಬಾಗಿ, ಒಳಗೆ ಗೋಡೆಗಳು ಎದ್ದು, ನಾಲ್ಕು ಕೋಣೆಗಳಾಗುತ್ತವೆ. ಡಯಾಕ್ಸಿನ್‌ನಂತೆ ವರ್ತಿಸುವ ಕೆಲವು ಪಿಸಿಬಿಗಳು ಜೀವಕೋಶದ ಒಂದು ಪ್ರೋಟೀನಿಗೆ ಅಂಟಿಕೊಂಡು, ಈ ಕಟ್ಟೋಣದ ಹೊತ್ತಿನಲ್ಲಿ ತಪ್ಪು ಸೂಚನೆ ಕೊಡುತ್ತವೆ. ‘ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೇ’ ಎಂಬ ಗಾದೆ ಕೇಳಿದ್ದೀರಲ್ಲ? ಕಟ್ಟುವಾಗಲೇ ಕೆಟ್ಟ ಹೃದಯವನ್ನು ಆಮೇಲೆ ಹೊಸದಾಗಿ ಕಟ್ಟಲಾಗುವುದಿಲ್ಲ.

ಇದು ಬರೀ ಊಹೆಯಲ್ಲ. ಪಿಸಿಬಿ ಸೇರಿದ್ದ ಇನ್ನೊಂದು ಜಾಗ ಇಂಡಿಯಾನಾ ರಾಜ್ಯದ ಬ್ಲೂಮಿಂಗ್ಟನ್, ಬೆಡ್‌ಫರ್ಡ್ ಸುತ್ತಮುತ್ತ. ಅಲ್ಲಿಂದ 283 ಕಾಡುಹಕ್ಕಿಮರಿಗಳ ಹೃದಯಗಳನ್ನು ಪರೀಕ್ಷಿಸಿದ ಅಧ್ಯಯನ 2006ರಲ್ಲಿ ಪ್ರಕಟವಾಯಿತು. ಹೆಚ್ಚು ಮಲಿನವಾದ ಜಾಗಗಳಲ್ಲಿ ಟ್ರೀ ಸ್ವಾಲೋ ಮತ್ತು ಹೌಸ್ ರೆನ್ ಮರಿಗಳ ಹೃದಯ ಮೈತೂಕಕ್ಕೆ ಹೋಲಿಸಿದರೆ ಚಿಕ್ಕದಾಗಿತ್ತು. ಮುಂದೆ ಮೇರಿಲ್ಯಾಂಡ್‌ನ ವಿಜ್ಞಾನಿಗಳು, ಹಡ್ಸನ್ ದಡದ ಹಕ್ಕಿಯ ಮೊಟ್ಟೆಗಳಲ್ಲಿ ಕಂಡಂಥದೇ ಪಿಸಿಬಿ ಮಿಶ್ರಣವನ್ನು ಕೋಳಿಮೊಟ್ಟೆಗಳಿಗೆ ಸೇರಿಸಿ ನೋಡಿದರು. ಬದುಕಿ ಉಳಿದ ಭ್ರೂಣಗಳು ಕಡಿಮೆಯಾದವು, ಹೃದಯದ ಗೋಡೆ ತೆಳುವಾಯಿತು.

ಇಂಥ ಮರಿ ಮೊಟ್ಟೆಯೊಡೆದು ಬಂದರೆ ನೋಡಲು ಚೆನ್ನಾಗಿಯೇ ಇರಬಹುದು. ಆದರೆ ಟ್ರೀ ಸ್ವಾಲೋ ಚಳಿಗಾಲಕ್ಕೆ ಫ್ಲೋರಿಡಾದ ಕಡೆಗೋ ಮಧ್ಯ ಅಮೆರಿಕಕ್ಕೋ ಹಾರಬೇಕಾದ ಹಕ್ಕಿ. ಅಷ್ಟು ದೂರದ ದಾರಿಗೆ ಗಟ್ಟಿ ಗುಂಡಿಗೆಯೇ ಬೇಕು.

ನಿಮ್ಮಲ್ಲಿ ಹೆಚ್ಚಿನವರ ಅಪ್ಪ ಅಮ್ಮ ಈ ದೇಶಕ್ಕೆ ಬರುವ ಮೊದಲೇ ಈ ವಿಷ ಸುರಿಯುವುದು ನಿಂತಿತ್ತು. 2009ರಿಂದ 2015ರವರೆಗೆ ನದಿಯ ಹೂಳೆತ್ತಿಸಿದ್ದೂ ಆಯಿತು. ಆದರೂ ಹಡ್ಸನ್ ಫಾಲ್ಸ್‌ನಿಂದ ಟ್ರಾಯ್ ಅಣೆಕಟ್ಟಿನವರೆಗೆ ಹಿಡಿದ ಮೀನನ್ನು ತಿನ್ನುವಂತಿಲ್ಲ, ನೀರಿಗೇ ಬಿಡಬೇಕು. ಅಜ್ಜ ಮಾಡಿದ ಸಾಲ ಮೊಮ್ಮಕ್ಕಳ ತಲೆಗೆ ಬಂದ ಹಾಗೆ.

ನೀವು ಮಾಡಬಹುದಾದ ಎರಡು ಕೆಲಸ ಹೇಳುತ್ತೇನೆ. ನೀವಿರುವ ಊರಿನ ನದಿ, ಕೆರೆಗಳ ಮೀನಿನ ಬಗ್ಗೆ ನಿಮ್ಮ ರಾಜ್ಯದ ಸರ್ಕಾರ ಕೊಡುವ ಎಚ್ಚರಿಕೆಯನ್ನು ಓದಿ, ಮನೆಯಲ್ಲಿ ಅಪ್ಪ ಅಮ್ಮನಿಗೆ, ಊರಿನಿಂದ ಬಂದ ಅಜ್ಜಿ ತಾತನಿಗೆ ಕನ್ನಡದಲ್ಲೇ ವಿವರಿಸಿ. ಇನ್ನೊಂದು, ಕಾರ್ನೆಲ್ ವಿಶ್ವವಿದ್ಯಾಲಯದ ನೆಸ್ಟ್‌ವಾಚ್ ಯೋಜನೆಗೆ ಸೇರಿ. ಹಕ್ಕಿಗೆ ತೊಂದರೆಯಾಗದಂತೆ ಗೂಡು ಗಮನಿಸುವುದನ್ನು ಅವರೇ ಕಲಿಸುತ್ತಾರೆ. ಎಷ್ಟು ಮೊಟ್ಟೆ, ಎಷ್ಟು ಮರಿ, ಎಷ್ಟು ಹಾರಿದವು ಎಂದು ಬರೆದು ಕಳಿಸಿದರೆ ಸಾಕು. ಬರುವ ವಸಂತದಲ್ಲಿ ಒಂದು ಗೂಡಿನ ಲೆಕ್ಕ ಬರೆಯಿರಿ, ಅದರ ಕತೆಯನ್ನು ನಮ್ಮ ರೇಡಿಯೋಗೆ ಬಂದು ನೀವೇ ಹೇಳಿ. ಕಾಯುತ್ತಿರುತ್ತೇನೆ.